ಕೋಟೆ ಬೇಡ, ಜಗಳ ಬೇಕು

ಕೋಲಾರ ಜಿಲ್ಲೆಯ ಮುಳಬಾಗಿಲಿನ ಬೆಟ್ಟದ ಮೇಲೊಂದು ಕೋಟೆ ಇದೆ. ಇತ್ತು ಎಂದರೂ ತಪ್ಪಿಲ್ಲ. ಗೋಡೆಯ ತುಂಡುಗಳಿವೆ. ಬುರುಜಿನ ಗುರುತುಗಳಿವೆ. ಮುಳ್ಳುಪೊದೆ ಧಾರಾಳವಾಗಿದೆ. ಕೋಟೆಗಿಂತ ಪೊದೆಗೇ ಹೆಚ್ಚು ರಕ್ಷಣೆ ಸಿಕ್ಕಿದೆ.

ನಮ್ಮದು, ನಮ್ಮದು ಎಂದು ಶತಮಾನಗಟ್ಟಲೆ ಜನ ಇಲ್ಲಿ ಕತ್ತಿ ಹಿಡಿದು ಬಡಿದಾಡಿದರು. ಈಗ ಕತ್ತಿ ಬೇಡ. ಒಂದು ಅರ್ಜಿ ಹಿಡಿದು ಹೋಗಿ ನೋಡಿ. ನಮ್ಮದಲ್ಲ, ನಮ್ಮದಲ್ಲ ಎನ್ನುವವರೇ ಎಲ್ಲ.

ಹಾಗಂತ ಕೋಲಾರ ಜಿಲ್ಲೆಯಲ್ಲಿ ಚರಿತ್ರೆಯ ಮೇಲೆ ಅಭಿಮಾನವಿಲ್ಲ ಎಂದುಕೊಳ್ಳಬೇಡಿ. ಉಕ್ಕಿ ಹರಿಯುವಷ್ಟಿದೆ. ಯಾರ ಕೈಗಾದರೂ ಮೈಕು ಕೊಡಿ, ಗೊತ್ತಾಗುತ್ತದೆ. ಚರಿತ್ರೆ ಓದುವುದಕ್ಕೆ ಪುರುಸೊತ್ತಿಲ್ಲ. ಕಾಯುವುದಕ್ಕೆ ದುಡ್ಡಿಲ್ಲ. ಅದರ ಹೆಸರಿನಲ್ಲಿ ಕೊರಳಪಟ್ಟಿ ಹಿಡಿಯುವುದಕ್ಕೆ ಮಾತ್ರ ಹಗಲು ರಾತ್ರಿ ಪುರುಸೊತ್ತು.

ಈ ನೆಲಕ್ಕೆ ಹಕ್ಕು ಹೂಡಿದವರ ಪಟ್ಟಿಯನ್ನು ಒಮ್ಮೆ ಓದಿ. ಗಂಗರು ಕೋಲಾರದಲ್ಲಿ ಆಳ್ವಿಕೆ ಶುರು ಮಾಡಿ ಆಮೇಲೆ ತಲಕಾಡಿಗೆ ಹೋದರು. ನೊಳಂಬರು ಆವಣಿಯಲ್ಲಿ ಗುಡಿ ಕಟ್ಟಿದರು. ಚೋಳರು ಬಂದು ಕೋಲಾರಮ್ಮನ ಗುಡಿಯ ಗೋಡೆಗೆ ತಮಿಳು ಶಾಸನ ಕೆತ್ತಿಸಿದರು. ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಅಟ್ಟಿದ. ವಿಜಯನಗರದ ಕುಮಾರ ಕಂಪಣ ಮುಳಬಾಗಿಲಿನಲ್ಲಿ ಕೂತು ಆಳಿದ. 14ನೇ ಶತಮಾನದಲ್ಲಿ ಮದುರೆಯವರೆಗೆ ದಂಡು ನಡೆಸಿದ ಆಸಾಮಿ ಇವನೇ. ಆ ದಂಡಯಾತ್ರೆಯ ಮೇಲೆ ಅವನ ಹೆಂಡತಿ ಗಂಗಾದೇವಿ 'ಮಧುರಾವಿಜಯ' ಎಂಬ ಸಂಸ್ಕೃತ ಕಾವ್ಯವನ್ನೇ ಬರೆದಳು.

ಇಲ್ಲಿಗೆ ಮುಗಿಯಲಿಲ್ಲ. ಬಿಜಾಪುರದವರು ಬಂದರು. 1639ರ ಸುಮಾರಿಗೆ ಕೋಲಾರ ಶಹಾಜಿಯ ಜಹಗೀರಾಯಿತು. ಹೌದು, ಶಿವಾಜಿಯ ತಂದೆಯೇ. ಆಮೇಲೆ ಮೊಗಲರ ಸಿರಾ ಸುಬಾಕ್ಕೆ ಸೇರಿತು. ಆಮೇಲೆ ಮರಾಠರು, ಕಡಪದ ನವಾಬ, ನಿಜಾಮನ ಸೋದರ ಬಸಾಲತ್ ಜಂಗ್. 1761ರಲ್ಲಿ ಹೈದರಾಲಿ. 1768ರಲ್ಲಿ ಇಂಗ್ಲಿಷರು. 1770ರಲ್ಲಿ ಮರಾಠರು. ಮತ್ತೆ ಹೈದರ್. 1791ರಲ್ಲಿ ಮುಗಳಿ ಘಾಟ್ ಹತ್ತಿ ಬಂದ ಕಾರ್ನ್‌ವಾಲಿಸ್. 1792ರಲ್ಲಿ ಒಪ್ಪಂದವಾಗಿ ಮತ್ತೆ ಮೈಸೂರು.

ಇಷ್ಟು ಜನ ಇಷ್ಟು ಸಲ ಬಂದರು, ಹೋದರು. ಕೋಟೆ ಮಾತ್ರ ನಿಂತೇ ಇತ್ತು. ಗೆದ್ದವನು ಮೊದಲು ಮಾಡುತ್ತಿದ್ದ ಕೆಲಸವೇ ಗೋಡೆಯ ರಿಪೇರಿ. ಶತ್ರುಗಳಿಗೆ ಅಷ್ಟಾದರೂ ಬುದ್ಧಿಯಿತ್ತು. ಕೋಟೆ ನಿಜವಾಗಿ ಬೀಳಲು ಶುರುವಾದದ್ದು ಶತ್ರುಗಳು ಮುಗಿದ ಮೇಲೆ.

ಮುಳಬಾಗಿಲಿನ ದೊಡ್ಡ ಕಥೆ 1768ರದು. ಮೊದಲ ಮೈಸೂರು ಯುದ್ಧ. ಆ ವರ್ಷ ಜೂನ್‌ನಲ್ಲಿ ಇಂಗ್ಲಿಷರು ಮುಳಬಾಗಿಲನ್ನೂ ಕೋಲಾರವನ್ನೂ ಹಿಡಿದರು. ಕೋಲಾರವನ್ನು ಬಿಡಾರ ಮಾಡಿಕೊಂಡರು. ಅವರ ಹಿಂದೆ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯೂ ಬಂದು ಕೂತ. ಯುದ್ಧ ಮಾಡುವವರು ಬೇರೆ, ಗೆದ್ದ ಊರಿನ ಕಂದಾಯದ ಮೇಲೆ ಕಣ್ಣಿಟ್ಟವರು ಬೇರೆ. ಈ ಪದ್ಧತಿ ನಮಗೆ ಹೊಸದೇನಲ್ಲ. ಇವತ್ತಿಗೂ ಗುದ್ದಲಿ ಹಿಡಿಯುವವನು ಒಬ್ಬ, ಬಿಲ್ಲು ಬರೆಯುವವನು ಇನ್ನೊಬ್ಬ.

ಮುಳಬಾಗಿಲಿನ ಕೋಟೆಯಲ್ಲಿ ನವಾಬನ ಕಡೆಯವರನ್ನು ಕಾವಲಿಗೆ ಹಾಕಿದ್ದರು. ಹೈದರ್ ಬಂದ. ಗುಂಡು ಹಾರಿಸಿ ಬಾಗಿಲು ಒಡೆಯುವ ತಾಪತ್ರಯ ತೆಗೆದುಕೊಳ್ಳಲಿಲ್ಲ. ಒಳಗಿದ್ದವರನ್ನು ಒಲಿಸಿಕೊಂಡ. ಕೋಟೆ ಕೈಗೆ ಬಂತು. ಒಳಗಿನವರು ಮಾರಿಕೊಳ್ಳಲು ತಯಾರಿದ್ದರೆ ಎಷ್ಟು ದಪ್ಪ ಗೋಡೆಯಿದ್ದರೇನು? ಪ್ರತಿ ಐದು ವರ್ಷಕ್ಕೊಮ್ಮೆ ರೆಸಾರ್ಟಿನ ಬಸ್ಸು ಹತ್ತುವವರನ್ನು ನೋಡಿದ ಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರ್ನಲ್ ವುಡ್ ಕೋಟೆಯನ್ನು ಮತ್ತೆ ಹಿಡಿಯಲು ಓಡಿಬಂದ. ಕೆಳಕೋಟೆ ಸಿಕ್ಕಿತು, ಮೇಲುಕೋಟೆ ಸಿಗಲಿಲ್ಲ. ಮರುದಿನ, ಅಕ್ಟೋಬರ್ 4ರಂದು, ಹೈದರನ ಇಡೀ ಸೈನ್ಯ ಬಂಡೆಗಳ ನಡುವೆ ಅವನನ್ನು ಅಡಕಿಕೊಂಡಿತು. ಇನ್ನೇನು ಮುಗಿಯಿತು ಎನ್ನುವಾಗ ಕ್ಯಾಪ್ಟನ್ ಬ್ರೂಕ್ ಎಂಬವನು ನಾಲ್ಕು ತುಕಡಿ, ಎರಡು ಫಿರಂಗಿ ತೆಗೆದುಕೊಂಡು ಬಳಸುದಾರಿಯಲ್ಲಿ ಒಂದು ಬಂಡೆಯ ನೆತ್ತಿಗೆ ಹತ್ತಿದ. ಗುಂಡು ಸುರಿಸುತ್ತ 'ಸ್ಮಿತ್! ಸ್ಮಿತ್!' ಎಂದು ಎಲ್ಲರಿಂದ ಕೂಗಿಸಿದ.

ಸ್ಮಿತ್ ಎಂದರೆ ಕರ್ನಲ್ ಜೋಸೆಫ್ ಸ್ಮಿತ್. ಹೈದರನ ಪಡೆ ಲೆಕ್ಕಕ್ಕೆ ಇಡುತ್ತಿದ್ದ ಇಂಗ್ಲಿಷ್ ಸೇನಾಪತಿ. ಅವನು ಅಲ್ಲಿರಲೇ ಇಲ್ಲ. ಆದರೂ ಕೂಗು ಕೇಳಿದ್ದೇ ಹೈದರನ ಪಡೆ ಹಿಂದೆ ಸರಿಯಿತು. ವುಡ್ ಬದುಕಿಕೊಂಡ.

ನಮ್ಮ ಸೀಮೆಯ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲು ಬೇರೆ ಗ್ರಂಥ ಬೇಕಿಲ್ಲ. ಸ್ಥಳದಲ್ಲಿ ಇಲ್ಲದವನ ಹೆಸರು ಕೂಗಿದರೆ ಸಾಕು, ಸಾವಿರಾರು ಜನ ದಿಕ್ಕು ಬದಲಿಸುತ್ತಾರೆ. ಬ್ರೂಕ್‌ಗೆ ಅದು ಒಂದು ದಿನದ ಉಪಾಯ. ನಮ್ಮವರಿಗೆ ಪೂರ್ಣಾವಧಿಯ ಉದ್ಯೋಗ.

ಆ ಎರಡು ದಿನದಲ್ಲಿ ನೂರಾರು ಜನ ಸತ್ತರು, ಗಾಯಗೊಂಡರು. ಆರು ತಿಂಗಳು ಕಳೆಯಿತು. 1769ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಒಪ್ಪಂದವಾಯಿತು. ನೀವು ಹಿಡಿದದ್ದು ನಮಗೆ ವಾಪಸ್, ನಾವು ಹಿಡಿದದ್ದು ನಿಮಗೆ ವಾಪಸ್. ಸತ್ತವರನ್ನು ವಾಪಸ್ ಕೊಡುವ ಕಲಮು ಒಪ್ಪಂದದಲ್ಲಿ ಇರಲಿಲ್ಲ.

ಇಂಥ ಬೆಟ್ಟ ಬೇರೆ ದೇಶದಲ್ಲಿದ್ದಿದ್ದರೆ ಕೆಳಗೊಂದು ಸಂಗ್ರಹಾಲಯ ಇರುತ್ತಿತ್ತು. ಯಾವ ದಂಡು ಯಾವ ಕಡೆಯಿಂದ ಬಂತು, ಫಿರಂಗಿ ಯಾವ ಬಂಡೆಯ ಮೇಲೇರಿತು ಎಂದು ಮಕ್ಕಳಿಗೆ ತೋರಿಸುತ್ತಿದ್ದರು. ನಮ್ಮ ಮಕ್ಕಳಿಗೆ ವಾಟರ್ಲೂ ಗೊತ್ತು. ಪಾಣಿಪತ್ ಮೂರೂ ಗೊತ್ತು. ಮನೆಯ ಹಿತ್ತಲಿನ ಬೆಟ್ಟದಲ್ಲಿ ಏನಾಯಿತು ಎಂದರೆ ಪಿಳಿಪಿಳಿ ನೋಡುತ್ತಾರೆ. ಪಠ್ಯದಲ್ಲಿ ಇಲ್ಲ, ಪರೀಕ್ಷೆಗೆ ಬರುವುದಿಲ್ಲ. ಹಾಗಾಗಿ ನಡೆದೇ ಇಲ್ಲ.

ಮುಳಬಾಗಿಲು ಎಂದರೆ ಹೊರಗಿನವರಿಗೆ ದೋಸೆ ಗೊತ್ತು. ಸ್ವಲ್ಪ ಓದಿದವರಿಗೆ ಡಿವಿಜಿ ಹುಟ್ಟಿದ ಊರೆಂದು ಗೊತ್ತು. ಹೆದ್ದಾರಿಯಲ್ಲಿ ತಿರುಪತಿಗೆ ಹೋಗುವವರು ಕಾರು ನಿಲ್ಲಿಸಿ ದೋಸೆ ತಿಂದು, ಕೈ ತೊಳೆದು ಹೊರಡುತ್ತಾರೆ. ಬೆಟ್ಟವನ್ನು ತಲೆಯೆತ್ತಿ ನೋಡಿದರೆ ಅದು ಸೆಲ್ಫಿಯ ಹಿನ್ನೆಲೆಗೆ.

ನಾಯಕರ ಕಣ್ಣಿಗಾದರೂ ಬೀಳಬೇಕಿತ್ತು. ಅವರು ಬರುವುದೇ ಇಲ್ಲ ಎನ್ನುವಂತಿಲ್ಲ. ಮುಳಬಾಗಿಲಿಗೆ ರಾಜ್ಯದ ನಾಯಕರೆಲ್ಲ ಬರುತ್ತಾರೆ. ಕುರುಡುಮಲೆ ಗಣಪತಿಗೆ ಕೈ ಮುಗಿಯದೆ ಚುನಾವಣೆಯ ರಥ ಹೊರಡುವುದಿಲ್ಲ. 1999ರಲ್ಲಿ ಎಸ್.ಎಂ. ಕೃಷ್ಣ ಪಾಂಚಜನ್ಯ ಯಾತ್ರೆ ಹೊರಡಿಸಿದ್ದು ಅಲ್ಲಿಂದ. ಮುಖ್ಯಮಂತ್ರಿಯೂ ಆದರು. ಅಲ್ಲಿಂದ ಶುರುವಾಯಿತು ನೂಕುನುಗ್ಗಲು. 2022ರ ನವೆಂಬರ್‌ನಲ್ಲಿ ಕುಮಾರಸ್ವಾಮಿಯವರ ಪಂಚರತ್ನ ಯಾತ್ರೆ ಹೊರಟಿದ್ದೂ ಅಲ್ಲಿಂದಲೇ. ಗಣಪತಿ ಪಕ್ಷ ನೋಡುವುದಿಲ್ಲ. ಅವನಿಗೆ ಎಲ್ಲರ ಕಡುಬೂ ಒಂದೇ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಟೆ. ಆದರೆ ಕೋಟೆ ವರ ಕೊಡುವುದಿಲ್ಲ. ಓಟು ಕೊಡುವುದಿಲ್ಲ. ಕೈ ಮುಗಿದ ಫೋಟೊ ತೆಗೆಸಿಕೊಳ್ಳಲು ಅಲ್ಲಿ ಗರ್ಭಗುಡಿ ಇಲ್ಲ. ರಥ ಬೇರೆ ದಾರಿ ಹಿಡಿಯುತ್ತದೆ.

ಇನ್ನು ಹೈದರನ ವಿಷಯ. ಅವನು ಹುಟ್ಟಿದ್ದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, 1720ರ ಆಸುಪಾಸಿನಲ್ಲಿ. ಅವನ ತಂದೆ ಫತೇ ಮುಹಮ್ಮದ್ ಸಿರಾದ ನವಾಬನ ಕೈಕೆಳಗೆ ಕೋಲಾರದ ಫೌಜುದಾರ. ಆತನ ಗೋರಿ ಕೋಲಾರ ಪಟ್ಟಣದಲ್ಲೇ ಇದೆ. ಅಂದರೆ ಹೈದರ್, ಟಿಪ್ಪು ಎಂದು ನಾಡಿಗೆ ನಾಡೇ ಕಿರುಚಾಡುವ ಕಥೆಯ ಬೇರು ನಮ್ಮ ಜಿಲ್ಲೆಯಲ್ಲಿದೆ.

2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು. 2019ರ ಜುಲೈನಲ್ಲಿ ಇನ್ನೊಂದು ಸರ್ಕಾರ ಬಂದು ರದ್ದು ಮಾಡಿತು. ರದ್ದು ಮಾಡಿದ ಮುಖ್ಯಮಂತ್ರಿ ಹಿಂದೆ ಬೇರೆ ಪಕ್ಷ ಕಟ್ಟಿದ್ದಾಗ ಟಿಪ್ಪುವಿನ ಪೇಟ ತೊಟ್ಟು ಖಡ್ಗ ಹಿಡಿದ ಚಿತ್ರವನ್ನು ಊರೆಲ್ಲ ನೋಡಿದೆ. ಜಯಂತಿ ಶುರು ಮಾಡಿದವರಿಗೆ ಟಿಪ್ಪುವಿನ ತಂದೆ ಹುಟ್ಟಿದ ಕೋಟೆ ನೆನಪಾಯಿತೇ? ಅದೂ ಇಲ್ಲ. ಒಬ್ಬರಿಗೆ ಅವನು ಹುಲಿ, ಇನ್ನೊಬ್ಬರಿಗೆ ರಾಕ್ಷಸ. ಹುಲಿಯೆಂದವರು ಬೂದಿಕೋಟೆಗೆ ಒಂದು ದಾರಿಫಲಕ ಹಾಕಿಸುವ ಮಾತೆತ್ತಲಿಲ್ಲ. ರಾಕ್ಷಸನೆಂದವರು ಅಲ್ಲಿಗೆ ಹೋಗಿ ಬೈಯುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಬೆಂಗಳೂರಿನ ಸ್ಟುಡಿಯೋದಲ್ಲೇ ಎರಡೂ ಮುಗಿಯಿತು.

ಇವರ ಗದ್ದಲದಲ್ಲಿ ಯಾರೂ ಕೇಳದ ಹೆಸರೊಂದಿದೆ. ದಿವಾನ್ ಪೂರ್ಣಯ್ಯ. ಹೈದರನ ಕೈಕೆಳಗೆ ದುಡಿದ. ಟಿಪ್ಪುವಿನ ಮಂತ್ರಿಯಾದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರ ಒಪ್ಪಿಗೆಯಿಂದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾದ. 1811ರವರೆಗೆ ಆಡಳಿತ ನಡೆಸಿದ. ಮೂರು ಕಾಲಕ್ಕೂ ಅವನೇ ಲೆಕ್ಕದ ಮನುಷ್ಯ. ಅವನನ್ನು ದೇಶಭಕ್ತರ ಖಾನೆಗೆ ಹಾಕಬೇಕೋ ದ್ರೋಹಿಗಳ ಖಾನೆಗೆ ಹಾಕಬೇಕೋ? ಎರಡೂ ಕಡೆಯವರಿಗೆ ಅವನು ಗಂಟಲಲ್ಲಿ ಸಿಕ್ಕ ಮುಳ್ಳು. ಅದಕ್ಕೇ ಎರಡೂ ಕಡೆಯವರು ಸುಮ್ಮನಿದ್ದಾರೆ.

ಆದರೆ ಪೂರ್ಣಯ್ಯನಿಂದ ನಮ್ಮವರು ಒಂದು ಪಾಠ ಚೆನ್ನಾಗಿ ಕಲಿತಿದ್ದಾರೆ. ಪಾಪನಹಳ್ಳಿ ಎಂದಿದ್ದ ಊರಿಗೆ ಅವನು ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟ. ಅದೇ ನಮ್ಮ ಮಾವಿನ ಶ್ರೀನಿವಾಸಪುರ. ಬಸ್ ಸ್ಟ್ಯಾಂಡಿಗೆ ಅಪ್ಪನ ಹೆಸರು, ಕ್ರೀಡಾಂಗಣಕ್ಕೆ ತಾತನ ಹೆಸರು, ಬಡಾವಣೆಗೆ ತನ್ನದೇ ಹೆಸರು ಇಡುವ ಇಂದಿನವರಿಗೆ ಇತಿಹಾಸದ ಬಲವಿದೆ. ಮಾವಿನ ಬೆಲೆ ಕುಸಿದು ರೈತ ಹಣ್ಣನ್ನು ರಸ್ತೆಗೆ ಸುರಿದಾಗ ಮಾತ್ರ ಆ ರಸ್ತೆಗೆ ಯಾರೂ ತಮ್ಮ ಹೆಸರು ಕೇಳುವುದಿಲ್ಲ.

ಕೋಲಾರ ಪಟ್ಟಣಕ್ಕೆ ಬನ್ನಿ. ಅಲ್ಲಿಯೂ ಕೋಟೆಯಿತ್ತು. ಅದರ ಗೋಡೆ ನೆಲಸಮವಾಗಿ, ಕಂದಕ ಮುಚ್ಚಿ ಬೀದಿಯಾಗಿ ನೂರು ವರ್ಷಕ್ಕೂ ಮೇಲಾಯಿತು. ಉಳಿದದ್ದು 'ಕೋಟೆ' ಎಂಬ ಬಡಾವಣೆಯ ಹೆಸರು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ. ನಮಗೆ ಆ ಸೌಲಭ್ಯವೂ ಇಲ್ಲ. ಹಾಕೋಣ ಎಂದರೆ ಬಾಗಿಲೆಲ್ಲಿದೆ?

ಕೋಟೆ ಇಲ್ಲದಿದ್ದರೇನು, ಜಗಳಕ್ಕೆ ಕ್ಲಾಕ್ ಟವರ್ ಇದೆಯಲ್ಲ. 2022ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಕ್ಯಾಮೆರಾಗಳು ಅದರ ಮುಂದೆ ನಿಂತವು. ಪ್ರಶ್ನೆ ಏನು? ಗೋಪುರಕ್ಕೆ ಯಾವ ಬಣ್ಣ? ಹಸಿರು ಬೇಡ, ಬಿಳಿ ಬೇಕು. ಪೊಲೀಸ್ ಬಂದೋಬಸ್ತ್ ಹಾಕಿ ಸುಣ್ಣ ಹೊಡೆದರು. ರಾಷ್ಟ್ರಧ್ವಜ ಏರಿಸಿದರು. ಗೆದ್ದೆವು ಎಂದು ಕೆಲವರು ಸಿಹಿ ಹಂಚಿದರೆ, ಸೋತೆವು ಎಂದು ಕೆಲವರು ಮುಖ ಊದಿಸಿಕೊಂಡರು.

ಸರಿ. ಬಾವುಟ ಎಲ್ಲಿ ಹಾರಿದರೂ ಸಂತೋಷವೇ. ಆದರೆ ಒಂದು ಡಬ್ಬ ಬಣ್ಣಕ್ಕೆ ಅಷ್ಟು ಪೊಲೀಸರನ್ನು ಹೊಂದಿಸಲು ಸಾಧ್ಯವಾದ ವ್ಯವಸ್ಥೆಗೆ ಒಂದು ಕೋಟೆಗೆ ಒಬ್ಬ ವಾಚ್‌ಮನ್ ಹೊಂದಿಸಲು ಯಾಕೆ ಆಗುವುದಿಲ್ಲ? ಕೇಳಬಾರದು. ಕೇಳಿದವನು ಯಾವ ಕಡೆಯವನು ಎಂಬ ಪ್ರಶ್ನೆ ಮೊದಲು ಬರುತ್ತದೆ.

ನವೆಂಬರ್ ಬಂತೆಂದರೆ ಇನ್ನೊಂದು ರೀತಿಯ ಶೌರ್ಯ. ಗಡಿಯ ಒಂದಿಂಚು ಜಾಗವನ್ನೂ ಬಿಟ್ಟುಕೊಡೆವು! ಕೋಲಾರ ಜಿಲ್ಲೆ ಆಂಧ್ರಕ್ಕೆ ಸೇರಬೇಕೋ ಮೈಸೂರಲ್ಲೇ ಉಳಿಯಬೇಕೋ ಎಂಬ ಪ್ರಶ್ನೆ ರಾಜ್ಯಗಳ ಮರುವಿಂಗಡಣೆಯ ಕಾಲದಲ್ಲಿ ನಿಜವಾಗಿಯೂ ಎದ್ದಿತ್ತು. ಮನೆಮಾತಿನ ಲೆಕ್ಕದಲ್ಲಿ ಇಲ್ಲಿ ತೆಲುಗರು ಬಹಳ. ಆದರೂ ಜಿಲ್ಲೆ ಇಲ್ಲೇ ಉಳಿಯಿತು. ಈಗ ಈ ಕಡೆ ಕರ್ನಾಟಕ, ಆ ಕಡೆ ಆಂಧ್ರ, ಕೆಳಗೆ ತಮಿಳುನಾಡು.

ಇಲ್ಲಿನ ಜನಕ್ಕೆ ಇದರಿಂದ ತಲೆನೋವಾಗಲಿಲ್ಲ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಕೆಜಿಎಫ್‌ನಲ್ಲಿ ತಮಿಳು. ಒಂದೇ ವಾಕ್ಯದಲ್ಲಿ ಮೂರು ಭಾಷೆ ಸುಖವಾಗಿ ಸಂಸಾರ ಮಾಡುತ್ತವೆ. ಪಲಮನೇರಿನಿಂದ ಹೆಣ್ಣು ತರುತ್ತಾರೆ, ಕುಪ್ಪಂಗೆ ಹೆಣ್ಣು ಕೊಡುತ್ತಾರೆ. ತಲೆನೋವು ಶುರುವಾಗುವುದು ಬೆಂಗಳೂರಿನಿಂದ ಮುಖ್ಯ ಅತಿಥಿಗಳು ಬಂದಾಗ.

ಒಂದಿಂಚೂ ಬಿಡೆವು ಎನ್ನುವ ಅದೇ ಅತಿಥಿಗಳನ್ನು ಒಮ್ಮೆ ಟೇಕಲ್ ಕಡೆ ಕರೆದುಕೊಂಡು ಹೋಗಬೇಕು. ಮಾಲೂರು ತಾಲ್ಲೂಕಿನ ಟೇಕಲ್ 15ನೇ ಶತಮಾನದಲ್ಲಿ ವಿಜಯನಗರದ ಸಾಳುವ ಗೋಪರಾಜನ ನೆಲೆ. ಈಗ ಆ ಸೀಮೆ ಹೆಸರುವಾಸಿಯಾಗಿರುವುದು ಕಲ್ಲುಗಣಿಗೆ. ಅಲ್ಲಿ ಹೋಗುತ್ತಿರುವುದು ಇಂಚಿನ ಲೆಕ್ಕವಲ್ಲ. ಬೆಟ್ಟಕ್ಕೆ ಬೆಟ್ಟವೇ ಟಿಪ್ಪರ್ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಪರಭಾಷಿಕರು ಕದ್ದರೆ ಅದು ನಾಡದ್ರೋಹ. ನಮ್ಮವರೇ ಸಾಗಿಸಿದರೆ ಅಭಿವೃದ್ಧಿ.

ಮಾಲೂರು ಬೆಂಗಳೂರಿಗೆ ಹೆಂಚು ಕೊಟ್ಟಿತು, ಇಟ್ಟಿಗೆ ಕೊಟ್ಟಿತು. ಕೋಲಾರ ಹಾಲು ಕೊಟ್ಟಿತು, ತರಕಾರಿ ಕೊಟ್ಟಿತು, ಚಿನ್ನ ಕೊಟ್ಟಿತು. ಬೆಂಗಳೂರು ಕೃತಘ್ನ ಎಂದು ಹೇಳಬೇಡಿ. 2018ರಿಂದ ಕೆ.ಸಿ. ವ್ಯಾಲಿ ಕೊಳವೆಯಲ್ಲಿ ತನ್ನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಕಳಿಸುತ್ತಿದೆ. ಮೂರನೇ ಹಂತ ಮಾಡಿ ಎಂದರೆ ಖರ್ಚಾಗುತ್ತದಂತೆ.

ಚಿನ್ನದ ಕಥೆಯನ್ನಾದರೂ ಕಾಪಾಡಿದೆವೇ? 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಗಣಿ ಕೆಜಿಎಫ್‌ನದು. 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಊರು ಸೊರಗಿತು. ಯಾರಿಗೂ ಬೇಡವಾಯಿತು. 2018ರಲ್ಲಿ ಸಿನಿಮಾ ಬಂತು ನೋಡಿ, ದೇಶಕ್ಕೇ ನಮ್ಮ ಊರಿನ ಹೆಸರು ಬಾಯಿಪಾಠವಾಯಿತು. ನೆಲದಡಿಯಲ್ಲಿ ಶ್ವಾಸಕೋಶ ಸವೆಸಿಕೊಂಡ ನಿಜವಾದ ಕಾರ್ಮಿಕರ ಲೈನು ಮನೆಗಳ ಮುಂದೆ ನಿಂತು ಜನ ಕೇಳಿದ್ದು, ಆ ಗಡ್ಡದ ಹೀರೋ ಇದ್ದದ್ದು ಎಲ್ಲಿ ಎಂದು.

ಹೀಗಿದೆ ನಮ್ಮ ಇತಿಹಾಸಪ್ರಜ್ಞೆ. ನಡೆದದ್ದರ ಬಗ್ಗೆ ಅನುಮಾನ, ನಡೆಯದಿದ್ದದ್ದರ ಬಗ್ಗೆ ಅಭಿಮಾನ.

ಕೋಟೆಯ ಬಗ್ಗೆ ಪ್ರೀತಿಯಿಲ್ಲ ಎನ್ನಲೂ ಆಗದು. ಕೋಟೆಯ ಆಕಾರದ ಮೇಲೆ ನಮಗೆ ಮೋಹ. ಹೊಸ ಲೇಔಟಿನ ಹೆಬ್ಬಾಗಿಲಿಗೆ ಸಿಮೆಂಟಿನ ಬುರುಜು. ಕಲ್ಯಾಣಮಂಟಪದ ಮುಂದೆ ಥರ್ಮೋಕೋಲಿನ ತೆನೆಗೋಡೆ. ಸಮಾವೇಶದ ವೇದಿಕೆಗೆ ಪ್ಲೈವುಡ್ಡಿನ ಅರಮನೆ, ನಾಯಕರ ಕೈಗೆ ಬೆಳ್ಳಿ ಖಡ್ಗ. ಮುಳಬಾಗಿಲಿನ ಕಲ್ಲು ಉರುಳುತ್ತಿರುವಾಗ ಥರ್ಮೋಕೋಲು ಎದ್ದು ನಿಲ್ಲುತ್ತಿದೆ.

ಕಾನೂನು ಇಲ್ಲವೇ? ಭರ್ಜರಿಯಾಗಿದೆ. ಕೇಂದ್ರದ್ದು 1958ರದು, ರಾಜ್ಯದ್ದು 1961ರದು. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನಲ್ಲಿ ಹೊಸದೇನೂ ಕಟ್ಟುವಂತಿಲ್ಲ. ಅದರಾಚೆ 200 ಮೀಟರಿನಲ್ಲಿ ಅನುಮತಿ ಬೇಕು. ಹಾಳು ಮಾಡಿದವನಿಗೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಓದಿದರೆ ಮೈ ನಡುಗುತ್ತದೆ. ಬಡವ ಹಳೆಯ ಮನೆಯ ಸೂರು ರಿಪೇರಿ ಮಾಡಿಸಲು ಹೋದಾಗ ಈ ಕಾನೂನು ಎದ್ದು ಕೂರುತ್ತದೆ. ಜೆಸಿಬಿಯ ಸದ್ದು ಕೇಳಿದರೆ ಮಲಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಕೋಟೆಗಂತೂ ಇಷ್ಟೂ ಇಲ್ಲ. ನಮ್ಮ ಜಿಲ್ಲೆಯ ಬಹಳಷ್ಟು ಹಳೆಯ ಗೋಡೆಗಳ ಪಾಲಿಗೆ ದೇವರೇ ಇಲಾಖೆ.

ಅರ್ಜಿ ಹಿಡಿದು ಹೊರಟವನ ಪಾಡು ನಿಮಗೂ ಗೊತ್ತಿರುವುದೇ.

"ಸಾರ್, ಬೆಟ್ಟದ ಕೋಟೆ ಗೋಡೆ ಬೀಳ್ತಾ ಇದೆ."

"ಬೆಟ್ಟ ನಮ್ಮ ವ್ಯಾಪ್ತಿಗೆ ಬರಲ್ಲ ಸ್ವಾಮಿ. ಪಕ್ಕದ ಆಫೀಸ್ ನೋಡಿ."

ಪಕ್ಕದ ಆಫೀಸು. "ಮರ ಇದ್ರೆ ನಮ್ದು. ಗೋಡೆ ನಮ್ದಲ್ಲಣ್ಣ."

ಅದರ ಪಕ್ಕದ ಆಫೀಸು. "ಗೋಡೆ ನಮ್ದೇ ಆಗ್ಬಹುದು. ಆದ್ರೆ ಸರ್ವೆ ಆಗ್ಬೇಕಲ್ಲ. ಸರ್ವೆಯವ್ರು ರಜ."

ಮಹಡಿ ಹತ್ತಿ ಹೋದರೆ ಅಲ್ಲೊಬ್ಬರು ಕನ್ನಡಕದ ಮೇಲಿಂದ ನೋಡುತ್ತಾರೆ. "ಬಿದ್ದಿದ್ಯಾ, ಬೀಳ್ತಾ ಇದ್ಯಾ? ಬೀಳ್ತಾ ಇದ್ರೆ ಬಿದ್ಮೇಲೆ ಬನ್ನಿ. ವರದಿ ಕಳಿಸೋಣ."

ಒಂದು ಕಾಲಕ್ಕೆ ಈ ಬೆಟ್ಟಕ್ಕಾಗಿ ಹೈದರನೂ ಇಂಗ್ಲಿಷರೂ ಮರಾಠರೂ ಸಾಯಲು ತಯಾರಿದ್ದರು. ಈಗ ಒಂದು ಸಹಿ ಹಾಕಲು ಯಾರೂ ತಯಾರಿಲ್ಲ.

ನಾವೇನು ಕಡಿಮೆ ಎಂದುಕೊಳ್ಳಬೇಡಿ. ಬುರುಜಿನ ಮೇಲೆ ಬಾಣದ ಗುರುತಿನ ನಡುವೆ ಹೆಸರು ಬರೆದು ಹೋದ ಪ್ರೇಮಿಗಳು ಇಂಗ್ಲೆಂಡಿನಿಂದ ಬಂದವರಲ್ಲ. ಬಾಟಲಿ ಒಡೆದದ್ದು ಮರಾಠ ದಂಡಲ್ಲ. ಅಮಾವಾಸ್ಯೆಯ ರಾತ್ರಿ ಅರಿಶಿನ, ಕುಂಕುಮ, ನಿಂಬೆಹಣ್ಣು ಇಟ್ಟು ನಿಧಿಗಾಗಿ ಗುಂಡಿ ತೋಡುವವನು ಯಾವ ನವಾಬನ ಸಂತತಿಯೂ ಅಲ್ಲ, ಅಕ್ಕಪಕ್ಕದ ಊರಿನವನೇ. ಹಗಲು ಹೊತ್ತು ಅವನೂ ಪರಂಪರೆ, ಸಂಸ್ಕೃತಿ ಎಂದು ಸ್ಟೇಟಸ್ ಹಾಕುತ್ತಾನೆ. ಹಳೆಯ ಕೋಟೆಯಿದ್ದ ಊರಿನಲ್ಲಿ ಒಂದು ಸುತ್ತು ಬನ್ನಿ. ಜಗಲಿ, ದನದ ಕೊಟ್ಟಿಗೆ, ಬಚ್ಚಲಿನ ಬಟ್ಟೆ ಒಗೆಯುವ ಕಲ್ಲು. ಚಪ್ಪಟೆಯಾಗಿ, ಚೌಕವಾಗಿ, ಅಚ್ಚುಕಟ್ಟಾಗಿ ಕಡಿದ ಕಲ್ಲುಗಳು. ಎಲ್ಲಿಂದ ಬಂದವು ಎಂದು ಕೇಳಬೇಡಿ. ತಾತನ ಕಾಲದ್ದು ಎನ್ನುತ್ತಾರೆ. ನಿಜ. ಯಾವ ತಾತ ಎಂಬುದಷ್ಟೇ ಪ್ರಶ್ನೆ.

ಇದರ ನಡುವೆ ಒಬ್ಬ ವಿದೇಶಿ ಮಾಡಿಟ್ಟ ಕೆಲಸವನ್ನು ನೆನೆದರೆ ನಾಚಿಕೆಯಾಗುತ್ತದೆ. ಬಿ.ಎಲ್. ರೈಸ್. ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಸೇರಿಸಿ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟವಾಗಿ 1905ರಲ್ಲಿ ಅಚ್ಚು ಹಾಕಿಸಿದರು. ಊರೂರು ಸುತ್ತಿ, ಕಲ್ಲು ತೊಳೆದು, ಅಕ್ಷರ ಬಿಡಿಸಿ ಮಾಡಿದ ಕೆಲಸ. ಆಗ ಡಾಂಬರು ರಸ್ತೆ ಇರಲಿಲ್ಲ, ಡ್ರೋನ್ ಇರಲಿಲ್ಲ, ಟಿ.ಎ., ಡಿ.ಎ.ಗೆ ಆನ್‌ಲೈನ್ ಅರ್ಜಿ ಇರಲಿಲ್ಲ. ಇವತ್ತು ಎಲ್ಲ ಇದೆ. ಅವರು ಓದಿದ ಕಲ್ಲುಗಳು ಇದ್ದ ಜಾಗದಲ್ಲೇ ಇವೆಯೇ ಎಂದು ನೋಡಿಬರಲು ಮಾತ್ರ ಜೀಪಿಗೆ ಡೀಸೆಲ್ ಇಲ್ಲ.

ಕೋಟೆಗಳನ್ನು ಕಳೆದುಕೊಳ್ಳುವುದರಲ್ಲಿ ನಮ್ಮ ಜಿಲ್ಲೆಗೆ ಇನ್ನೊಂದು ದಾಖಲೆಯಿದೆ. 1791ರಲ್ಲಿ ನಂದಿದುರ್ಗವನ್ನು ಹಿಡಿಯಲು ಕಾರ್ನ್‌ವಾಲಿಸನ ಸೈನ್ಯ ವಾರಗಟ್ಟಲೆ ಒದ್ದಾಡಿತು. ಫಿರಂಗಿಗಳನ್ನು ಕಡಿದಾದ ಬೆಟ್ಟಕ್ಕೆ ಎಳೆದು ಏರಿಸಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಒಂದೇ ಆದೇಶದಲ್ಲಿ ನಂದಿ, ಗುಡಿಬಂಡೆ, ರಹಮಾನ್‌ಗಡ ಮೂರೂ ಕೋಲಾರದ ಕೈಬಿಟ್ಟವು. ಒಂದು ಗುಂಡು ಹಾರಲಿಲ್ಲ. ಆ ಹೊತ್ತಿಗೆ ಜಗಳವಾದದ್ದು ಯಾವ ಕಚೇರಿ ಎಲ್ಲಿಗೆ, ಯಾವ ಹುದ್ದೆ ಯಾರಿಗೆ ಎಂಬುದರ ಮೇಲೆ. ಕೋಟೆ ಎಣಿಸಿದವರಿಲ್ಲ.

ಹಾಗಾದರೆ ರಿಪೇರಿ ಮಾಡಿಸಿ ಎಂದು ಒತ್ತಾಯ ಮಾಡೋಣವೇ? ದಯವಿಟ್ಟು ಬೇಡ. ನಮ್ಮ ಜೀರ್ಣೋದ್ಧಾರ ನೋಡಿದ್ದೀರಲ್ಲ. ಸಾವಿರ ವರ್ಷದ ಕಂಬಕ್ಕೆ ಆಯಿಲ್ ಪೇಂಟ್. ಕಲ್ಲುಹಾಸಿಗೆ ಜಾರುವ ಟೈಲ್ಸ್. ಗಾರೆಯಿದ್ದ ಕಡೆ ಸಿಮೆಂಟು. ಬಿರುಕಿನ ಮೇಲೆ ಫ್ಲೆಕ್ಸು, ಫ್ಲೆಕ್ಸಿನ ಮೇಲೆ ಶಾಸಕರು. ಕೊನೆಗೆ ಗ್ರಾನೈಟಿನ ಉದ್ಘಾಟನಾ ಫಲಕ. ಅದರಲ್ಲಿ ಕೋಟೆ ಕಟ್ಟಿಸಿದವನ ಹೆಸರಿರುವುದಿಲ್ಲ. ಗುತ್ತಿಗೆದಾರನ ಬಿಲ್ಲು ಪಾಸು ಮಾಡಿದವರ ಹೆಸರೆಲ್ಲ ಇರುತ್ತದೆ.

ಬೇಕಾದದ್ದು ಬಹಳ ಚಿಕ್ಕದು. ಸರ್ವೆ ಮಾಡಿ ಗಡಿಕಲ್ಲು ನೆಡಿ. ಪಟ್ಟಿಗೆ ಸೇರಿಸಿ. ಪೊದೆ ಕಡಿಸಿ. ಒಬ್ಬ ಕಾವಲುಗಾರನಿಗೆ ತಿಂಗಳು ತಿಂಗಳು ಸಂಬಳ ಕೊಡಿ. ಇಲ್ಲಿ ಏನು ನಡೆಯಿತು ಎಂದು ತಪ್ಪಿಲ್ಲದ ಕನ್ನಡದಲ್ಲಿ ಒಂದು ಫಲಕ ಹಾಕಿ. ಚಿಕ್ಕ ಕೆಲಸವಾದ್ದರಿಂದಲೇ ಆಗುವುದಿಲ್ಲ. ಇದರಲ್ಲಿ ಕಮಿಷನ್ ಹುಟ್ಟುವುದಿಲ್ಲ.

ಹಾಗಾಗಿ ನನ್ನದೊಂದು ಸಲಹೆ. ಕೋಟೆ ಉಳಿಸಬೇಕೆನ್ನುವವರು ಮನವಿಪತ್ರ ಕೊಡುವುದನ್ನು ಬಿಡಿ. ಕೇಸು ಹಾಕಿ.

ಕೋರ್ಟಿನ ಶಕ್ತಿ ಕೋಲಾರಕ್ಕೆ ಗೊತ್ತಿಲ್ಲದ್ದೇನಲ್ಲ. 2019ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಕೋಲಾರದಲ್ಲಿ ಆಡಿದ ಒಂದು ಮಾತು ಗುಜರಾತಿನ ಸೂರತ್‌ಗೆ ಹೋಯಿತು. 2023ರ ಮಾರ್ಚ್‌ನಲ್ಲಿ ಶಿಕ್ಷೆಯಾಗಿ ಲೋಕಸಭೆಯ ಸ್ಥಾನ ಹೋಯಿತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಸ್ಥಾನ ವಾಪಸ್ ಬಂತು. ಇಲ್ಲಿ ಗಾಳಿಯಲ್ಲಿ ತೇಲಿಬಿಟ್ಟ ಒಂದು ಮಾತನ್ನು ನಾಲ್ಕು ವರ್ಷ ಜೋಪಾನ ಮಾಡಿದ ದೇಶ ಇದು. ಕಲ್ಲಿನ ಗೋಡೆಯನ್ನು ಜೋಪಾನ ಮಾಡಲಾರದೇ?

ಯಾರಾದರೂ ಇಬ್ಬರು ಪುಣ್ಯಾತ್ಮರು ಮುಂದೆ ಬರಬೇಕು. ಒಬ್ಬ ಈ ಕೋಟೆ ನಮ್ಮ ವಂಶದ್ದು ಎನ್ನಲಿ. ಇನ್ನೊಬ್ಬ ಸುಳ್ಳು, ನಮ್ಮ ವಂಶದ್ದು ಎನ್ನಲಿ. ನಮ್ಮಲ್ಲಿ ಇದಕ್ಕೆ ಜನ ಸಿಗದೆ ಹೋಗುವುದಿಲ್ಲ. ಯಥಾಸ್ಥಿತಿ ಕಾಪಾಡಿ ಎಂದು ಆದೇಶವಾಗುತ್ತದೆ. ಅಲ್ಲಿಗೆ ಕಲ್ಲು ಕದಿಯುವವನ ಕೈ ಕಟ್ಟುತ್ತದೆ. ಟೈಲ್ಸ್ ಹಾಕುವವನ ಕೈಯೂ ಕಟ್ಟುತ್ತದೆ. ನಮ್ಮದಲ್ಲ ಎನ್ನುತ್ತಿದ್ದ ಇಲಾಖೆಗಳೆಲ್ಲ ಹಠಕ್ಕೆ ಬಿದ್ದು ನಮ್ಮದು ಎಂದು ಅಫಿಡವಿಟ್ ಹಾಕುತ್ತವೆ. ವಾಯಿದೆ ಮೇಲೆ ವಾಯಿದೆ. ಮೂರು ತಲೆಮಾರು ಚಿಂತೆಯಿಲ್ಲ.

ಭಯ ಒಂದೇ. ಎಂದಾದರೂ ಒಂದು ದಿನ ತೀರ್ಪು ಬಂದುಬಿಡುತ್ತದೆ. ಗೆದ್ದ ಇಲಾಖೆ ಮಾರನೆಯ ದಿನವೇ ಟೆಂಡರ್ ಕರೆಯುತ್ತದೆ.